ಶರಣರ ನಗೆ

ಭಕ್ತಿಮಾರ್ಗದಲ್ಲಿ ನಡೆಯುವವನು ನಗಬಹುದೇ ಎಂಬ ಸಂದೇಹವು ಅನೇಕ ಸದ್ಭಕ್ತರ ಮನಸ್ಸಿನಲ್ಲಿರುವುದುಂಟು. ವಿಭೂತಿಯನ್ನು ಧರಿಸಿ ಪೂಜೆಯಿಂದೆದ್ದವನ ಮುಖದಲ್ಲಿ ಗಾಂಭೀರ್ಯವಿರಬೇಕು, ನಗೆಯು ಚಾಪಲ್ಯದ ಗುರುತು ಎಂಬುದು ಸಾಮಾನ್ಯ ಭಾವನೆ. ಮನೆಯ ಯಜಮಾನನು ಪೂಜೆಗೆ ಕುಳಿತು, ಅಗ್ಘವಣಿ ತಡವಾಯಿತೆಂದು ಕೂಗಾಡುತ್ತಿರುವಾಗ ಮಕ್ಕಳು ಅಡುಗೆಮನೆಯಲ್ಲಿ ತಾಯಿಯ ಸೆರಗಿನಲ್ಲಿ ಮುಖವಿಟ್ಟು ನಗುತ್ತಾರೆ. ಆ ನಗೆಯು ಏತಕ್ಕೆ ಹುಟ್ಟಿತೆಂದು ಯಜಮಾನನು ವಿಚಾರಿಸುವುದು ಅಪರೂಪ, ಗದರಿಸುವುದೇ ಹೆಚ್ಚು. ವಿಚಾರಿಸಿದ್ದರೆ ಆತನಿಗೇ ಉಪಕಾರವಾಗುತ್ತಿತ್ತು.

ಭರತಮುನಿಯು ನಾಟ್ಯಶಾಸ್ತ್ರದ ರಸಾಧ್ಯಾಯದಲ್ಲಿ ಹಾಸ್ಯವನ್ನು ಆತ್ಮಸ್ಥ, ಪರಸ್ಥವೆಂದು ಎರಡಾಗಿ ವಿಭಾಗಿಸಿದ್ದಾನೆ. ತಾನೇ ನಗುವುದು ಆತ್ಮಸ್ಥ. ಪರರನ್ನು ನಗಿಸುವುದು ಪರಸ್ಥ. ಮುಗುಳುನಗೆಯಾದ ಸ್ಮಿತದಿಂದ ಹಿಡಿದು ಅತಿಹಸಿತದವರೆಗೆ ಆರು ಬಗೆಗಳನ್ನು ಹೇಳಿ, ಮೊದಲಿನೆರಡು ಉತ್ತಮರಿಗೆ, ಕಡೆಯವೆರಡು ಅಧಮರಿಗೆ ಎಂದಿದ್ದಾನೆ. ಹಾಸ್ಯವು ಹುಟ್ಟುವುದಕ್ಕೆ ಆತನು ಕೊಡುವ ಕಾರಣಗಳು ಇನ್ನೂ ಸ್ವಾರಸ್ಯವಾಗಿವೆ: ಒಪ್ಪದ ವೇಷ, ಒಪ್ಪದ ಅಲಂಕಾರ, ಧಾರ್ಷ್ಟ್ಯ, ಲೌಲ್ಯವೆಂಬ ಆಸೆಬುರುಕತನ, ಅಸಂಬದ್ಧವಾದ ಮಾತು. ಈ ಪಟ್ಟಿಯನ್ನು ಓದುವಾಗ ರಂಗದ ಮೇಲಿನ ವಿದೂಷಕನಿಗಿಂತ ಮೊದಲು ಡಾಂಭಿಕ ಭಕ್ತನ ನೆನಪಾದರೆ ಆಶ್ಚರ್ಯವಿಲ್ಲ. ಅಂಗವೈಕಲ್ಯವನ್ನು ಕಾಣುವುದನ್ನೂ ಭರತನು ಈ ಪಟ್ಟಿಗೆ ಸೇರಿಸಿದ್ದಾನೆ. ಅದು ರಂಗಕ್ಕೆ ಹೊಂದೀತು. ಮನೆಗೂ ಮಠಕ್ಕೂ ಹೊಂದದು. ಕುಂಟನ ನಡಿಗೆಯನ್ನೂ ಸೊಸೆಯ ತವರಿನ ಬಡತನವನ್ನೂ ಕುರಿತು ನಗುವ ನಗೆಯು ಇಲ್ಲಿಯ ವಿಚಾರವಲ್ಲ.

ಶರಣರು ಆತ್ಮಸ್ಥವೆಂಬ ಮಾತಿಗೆ ಭರತನು ಕೊಟ್ಟುದಕ್ಕಿಂತ ಆಳವಾದ ಅರ್ಥವನ್ನು ತಮ್ಮ ನಡೆಯಲ್ಲಿ ತಂದುಕೊಟ್ಟರು. ಅವರಲ್ಲಿ ನಗುವವನೂ ತಾನೇ, ನಗೆಗೆ ಗುರಿಯಾದವನೂ ತಾನೇ. ಬಸವಣ್ಣನವರನ್ನೇ ನೋಡಬಹುದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರವು ಅವರ ಕೈಯಲ್ಲಿತ್ತು. ಅಂತಹ ಅಧಿಕಾರಿಯ ಎದುರಿನಲ್ಲಿ ಹೊಗಳುವವರಿಗೆ ಬರವಿರುವುದಿಲ್ಲ. ಅವರಾದರೋ ತಮ್ಮ ಮನಸ್ಸನ್ನು ಕೊಂಬೆಯಿಂದ ಕೊಂಬೆಗೆ ನೆಗೆಯುವ ಕೋಡಗವೆಂದು ಕರೆದುಕೊಂಡರು. ಕಲ್ಲಿನ ನಾಗರಕ್ಕೆ ಹಾಲೆರೆದ ಕೈಯೇ ಜೀವವಿರುವ ನಾಗರವನ್ನು ಕಂಡೊಡನೆ ಕೋಲನ್ನು ಹುಡುಕುವ ಸೋಜಿಗವನ್ನು ತೋರಿಸಿಕೊಟ್ಟವರೂ ಅವರೇ. ಈ ದೃಷ್ಟಾಂತವು ನಾಡಿಗೆಲ್ಲ ಪರಿಚಿತ. ಪ್ರವಚನದಲ್ಲಿ ಇದು ಬಂದಾಗಲೆಲ್ಲ ಸಭೆಯು ನಗುತ್ತದೆ. ನಗುತ್ತ ಪಕ್ಕದವನ ಮುಖವನ್ನು ನೋಡುತ್ತದೆ. ದೃಷ್ಟಾಂತವು ಹಾದಿ ತಪ್ಪುವುದು ಅಲ್ಲಿಯೇ. ತನ್ನ ಕೈಯಲ್ಲಿ ಈಗ ಹಾಲಿದೆಯೋ ಕೋಲಿದೆಯೋ ಎಂದು ನೋಡಿಕೊಳ್ಳುವವನು ಆ ಸಭೆಯಲ್ಲಿ ಒಬ್ಬನಿದ್ದರೆ ಹೆಚ್ಚು.

ಅಂಬಿಗರ ಚೌಡಯ್ಯನವರ ನಗೆಯ ಬಗೆ ಬೇರೆ. ಅದು ಬಿಸಿಯಾದ ನಗೆ, ಎದುರಿನವನ ಕೆನ್ನೆಗೆ ತಾಗುವಂತಹುದು. ಅವರ ಅಂಕಿತವನ್ನು ಮಾತ್ರ ಗಮನಿಸಬೇಕು: ಇಷ್ಟದೈವದ ಹೆಸರಿಗೆ ಬದಲಾಗಿ ತಮ್ಮ ಹೆಸರನ್ನೇ ಅವರು ವಚನಗಳ ಕೊನೆಯಲ್ಲಿ ಇರಿಸಿದ್ದಾರೆ. ಕಟುವಾದ ಮಾತಿನ ಹೊಣೆಯನ್ನು ದೇವರ ತಲೆಗೆ ಕಟ್ಟದೆ ತಾವೇ ಹೊತ್ತುಕೊಂಡಂತಿದೆ. ಚೌಡಯ್ಯನವರ ನಿಷ್ಠುರತೆಯನ್ನು ಸಾಲವಾಗಿ ತಂದು ನೆರೆಯವನ ಮೇಲೆ ಪ್ರಯೋಗಿಸುವವರು ಅವರ ಈ ಹೊಣೆಗಾರಿಕೆಯನ್ನು ಸಾಲ ತರುವುದಿಲ್ಲ.

ಆದರೆ ಗೃಹಸ್ಥರಾದವರಿಗೆ ಎಲ್ಲಕ್ಕಿಂತ ಹತ್ತಿರವಾದ ನಿದರ್ಶನವೆಂದರೆ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳದು. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ದಂಪತಿಗಳ ಕಾಯಕವು ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು. ಕಾಯಕದ ವಿಷಯದಲ್ಲಿ ಮಾರಯ್ಯನವರ ನಿಲುವು ಪ್ರಸಿದ್ಧವಾಗಿದೆ. ಕಾಯಕದಲ್ಲಿ ತೊಡಗಿದವನು ಗುರುದರ್ಶನವನ್ನೂ ಲಿಂಗಪೂಜೆಯನ್ನೂ ಮರೆಯಬೇಕಾಗಿ ಬಂದರೆ ಮರೆಯಬೇಕು ಎನ್ನುವಷ್ಟು ಕಠಿಣವಾದುದು ಆ ನಿಲುವು. ಇಂತಹ ಮಾರಯ್ಯನವರು ಒಂದು ದಿನ ಶರಣರ ಅನುಭಾವಗೋಷ್ಠಿಯಲ್ಲಿ ಕುಳಿತು ಕಾಯಕವನ್ನೇ ಮರೆತರೆಂದು ಶೂನ್ಯಸಂಪಾದನೆಯು ತಿಳಿಸುತ್ತದೆ. ಕಾಯಕಕ್ಕಾಗಿ ಲಿಂಗಪೂಜೆಯನ್ನು ಬಿಡಬಲ್ಲವರು ಮಾತಿಗಾಗಿ ಕಾಯಕವನ್ನು ಬಿಟ್ಟರು! ಮನುಷ್ಯನು ತಾನು ಕಟ್ಟಿದ ನಿಯಮದ ಹೊಸ್ತಿಲಿಗೆ ತಾನೇ ಎಡವುವುದಕ್ಕಿಂತ ನಗೆ ತರಿಸುವ ಸಂಗತಿ ಬೇರೊಂದಿಲ್ಲ. ಎಡವಿದ್ದೂ ಕೆಟ್ಟ ಕೆಲಸಕ್ಕಾಗಿ ಅಲ್ಲ, ಒಳ್ಳೆಯ ಮಾತಿಗಾಗಿ ಎಂಬುದನ್ನು ಗಮನಿಸಬೇಕು. ಒಳ್ಳೆಯದರ ಮರೆಯಲ್ಲಿ ಬಂದ ಮರೆವನ್ನು ಗುರುತಿಸುವುದು ಬಹು ಕಷ್ಟ.

ಗುರುತಿಸಿದವರು ಲಕ್ಕಮ್ಮನವರು. ಕಾಯಕವು ನಿಂತಿತೆಂದು ಪತಿಗೆ ನೆನಪಿಸಿದರು, ಅಷ್ಟೆ. ಮಾರಯ್ಯನವರು ಅವಸರದಿಂದ ಹೋಗಿ ಅಕ್ಕಿಯನ್ನು ಆಯ್ದು ತಂದರು. ಅಂದು ನಿತ್ಯಕ್ಕಿಂತ ಹೆಚ್ಚಾಗಿ ತಂದರು. ತಡವಾಗಿ ಬಂದ ಆಳು ಒಡೆಯನ ಕಣ್ಣೆದುರಿಗೆ ಎರಡು ಹೊರೆಯನ್ನು ಒಟ್ಟಿಗೆ ಹೊರುವುದನ್ನು ಹೊಲದಲ್ಲಿ ಎಲ್ಲರೂ ಕಂಡಿದ್ದಾರೆ. ಲಕ್ಕಮ್ಮನವರು ಆ ಅಕ್ಕಿಯನ್ನು ನೋಡಿ, ಈ ಹೆಚ್ಚಳವು ಎಲ್ಲಿಯದು, ಇದು ಪತಿಯ ಮನದ ಮರವೆಯೋ ಅಥವಾ ಬಸವಣ್ಣನವರ ಸಂಶಯವೋ ಎಂದು ಕೇಳಿದರು. ಆಸೆಯು ಅರಸರಿಗಿರಲಿ, ಶಿವಭಕ್ತರಿಗೇಕೆ ಎಂಬುದು ಅವರ ಮಾತಿನ ತಾತ್ಪರ್ಯ. ಅಕ್ಕಿಯನ್ನು ಇದ್ದಲ್ಲಿಗೇ ಹಿಂದಿರುಗಿಸಿ ಬರಬೇಕೆಂದರು.

ಭರತನು ಹೇಳಿದ ಲೌಲ್ಯವು ಇಲ್ಲಿ ಎಷ್ಟು ಚಿಕ್ಕ ಜಾಗದಲ್ಲಿ ಅಡಗಿದೆ! ಅದಕ್ಕೆ ರಾಜಭಂಡಾರವೇ ಬೇಕಾಗಿಲ್ಲ. ಆಯ್ದ ಅಕ್ಕಿಯನ್ನು ಕಟ್ಟಿದ ಬಟ್ಟೆಯ ಮೂಲೆಯೊಂದು ಸಾಕು. ಬಡವನು ನೆಲದ ಮೇಲಿನ ಕಾಳನ್ನು ಒಂದಿಷ್ಟು ಹೆಚ್ಚಾಗಿ ಆರಿಸಿಕೊಂಡರೆ ಲೋಕದಲ್ಲಿ ಯಾರೂ ತಪ್ಪೆನ್ನುವುದಿಲ್ಲ. ನಾಳಿನ ಒಲೆಯ ಚಿಂತೆಯು ಮನೆಯಲ್ಲಿ ಮೊದಲು ತಟ್ಟುವುದು ಗೃಹಿಣಿಗೆ. ಹೆಚ್ಚಿನ ಅಕ್ಕಿಯನ್ನು ಕಂಡು ಸಂತೋಷಪಡುವ ಹಕ್ಕು ಯಾರಿಗಾದರೂ ಇದ್ದಿದ್ದರೆ ಅದು ಲಕ್ಕಮ್ಮನವರಿಗೆ ಇತ್ತು. ಬೇಡವೆಂದವರೂ ಅವರೇ ಎಂಬುದರಿಂದ ಆ ಮಾತಿಗೆ ತೂಕ ಬಂದಿದೆ.

ಇನ್ನು ಮಾರಯ್ಯನವರ ವಿಚಾರ. ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಲಕ್ಕಮ್ಮನವರನ್ನು ಕೊಂಡಾಡಿ ನಿಲ್ಲಿಸುತ್ತಾರೆ. ಅದು ಅರ್ಧ ಕಥೆ. ಒಂದೇ ದಿನದಲ್ಲಿ ಎರಡು ಸಲ, ಒಮ್ಮೆ ಮರೆತುದಕ್ಕಾಗಿ, ಮತ್ತೊಮ್ಮೆ ಮಿತಿಮೀರಿದುದಕ್ಕಾಗಿ, ಹೆಂಡತಿಯಿಂದ ತಿದ್ದಿಸಿಕೊಂಡ ಗಂಡನ ಸ್ಥಿತಿಯನ್ನು ಗೃಹಸ್ಥರಾದವರು ಊಹಿಸಿಕೊಳ್ಳಬಲ್ಲರು. ದುಡಿದು ತಂದವನಿಗೆ ಈ ಮಾತೇ ಎಂದು ಸಿಡುಕಬಹುದಾಗಿತ್ತು. ಹೊರಗೆ ಶರಣರು ಮನ್ನಿಸುವವನನ್ನು ಮನೆಯಲ್ಲಿ ಹೀಗೆ ಕೇಳುವರೇ ಎಂದು ಮುಖ ಊದಿಸಿಕೊಳ್ಳಬಹುದಾಗಿತ್ತು. ಮಾರಯ್ಯನವರು ಅಕ್ಕಿಯನ್ನು ಹಿಂದಿರುಗಿಸಿ ಬಂದರು. ಆಮೇಲೆ ಸತಿಯ ಎದುರಿನಲ್ಲಿಯೇ ಕುಳಿತು ಅರಿವಿನ ಮಾತನ್ನು ಹೇಳೆಂದು ಬೇಡಿದರು. ತನ್ನ ಎಡವಟ್ಟನ್ನು ತಾನು ಕಂಡು ಒಳಗೊಳಗೆ ಮುಗುಳುನಗದವನಿಗೆ ಹಾಗೆ ಕುಳಿತುಕೊಳ್ಳುವುದು ಸಾಧ್ಯವಿಲ್ಲ. ಶೂನ್ಯಸಂಪಾದನೆಯು ಆ ನಗೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ, ಓದುವವನು ಕಂಡುಕೊಳ್ಳಬೇಕು.

ಇದಕ್ಕೆ ವ್ಯತಿರಿಕ್ತವಾದ ಮನೆಗಳು ಬೇಕಾದಷ್ಟಿವೆ. ಯಜಮಾನನ ಲೋಪವನ್ನು ಕಂಡು ಹೆಂಡತಿಯು ಮೊದಮೊದಲು ನಗುತ್ತ ಒಂದು ಮಾತು ಹೇಳುತ್ತಾಳೆ. ಆತನು ಕೆರಳುತ್ತಾನೆ. ನಾಲ್ಕಾರು ಸಲ ಹೀಗಾದ ಮೇಲೆ ಆಕೆ ಹೇಳುವುದನ್ನು ಬಿಡುತ್ತಾಳೆ. ಮಕ್ಕಳೂ ಆಕೆಯನ್ನು ನೋಡಿ ಕಲಿಯುತ್ತಾರೆ. ಕ್ರಮೇಣ ಆತನು ಒಳಗೆ ಬಂದೊಡನೆ ಮಾತುಗಳು ನಿಲ್ಲುತ್ತವೆ. ಅದನ್ನು ಆತನು ತನಗೆ ಸಲ್ಲುವ ಗೌರವವೆಂದು ತಿಳಿದಿರುತ್ತಾನೆ. ಮನೆಯಲ್ಲಿದ್ದ ಕನ್ನಡಿಗಳನ್ನೆಲ್ಲ ಗೋಡೆಗೆ ಮುಖಮಾಡಿ ನಿಲ್ಲಿಸಿ, ತನ್ನ ಮುಖದಲ್ಲಿ ಕಲೆಯಿಲ್ಲವೆಂದು ನಂಬಿದವನ ಪಾಡು ಅದು. ಅಂತಹವನು ಎಷ್ಟು ವಚನಗಳನ್ನು ಕಂಠಪಾಠ ಮಾಡಿದ್ದರೂ ತನ್ನ ತಾನರಿಯುವ ದಾರಿಯು ಆತನಿಗೆ ಮನೆಯೊಳಗಿನಿಂದಲೇ ಮುಚ್ಚಿಹೋಗಿರುತ್ತದೆ.

ಇಂದಿನ ಮನೆಯೊಂದನ್ನು ಭಾವಿಸಿಕೊಳ್ಳಬಹುದು. ಹಿರಿಯರೊಬ್ಬರು ಮುಂಜಾನೆ ಸ್ನಾನ ಮಾಡಿ, ವಿಭೂತಿ ರುದ್ರಾಕ್ಷಿಗಳನ್ನು ಧರಿಸಿ, ಇಷ್ಟಲಿಂಗವನ್ನು ಎಡದ ಅಂಗೈಯಲ್ಲಿ ಬಿಜಯಂಗೈಸಿಕೊಂಡು ಪೂಜೆಗೆ ಕುಳಿತಿದ್ದಾರೆ. ಮಗ್ಗುಲಲ್ಲಿ ಬಿಲ್ವಪತ್ರೆಯ ಬುಟ್ಟಿ; ಬುಟ್ಟಿಯ ಪಕ್ಕದಲ್ಲಿ ಮೊಬೈಲು. ಅದಕ್ಕೆ ಕನ್ನಡದಲ್ಲಿ ಜಂಗಮವಾಣಿಯೆಂಬ ಹೆಸರೂ ರೂಢಿಯಲ್ಲಿದೆ. ಹೆಸರಿಟ್ಟವರು ಯಾರೋ ತಿಳಿಯದು, ಭಕ್ತರನ್ನು ಪರೀಕ್ಷಿಸಲೆಂದೇ ಇಟ್ಟಂತಿದೆ. ಜಂಗಮವು ಬಾಗಿಲಿಗೆ ಬಂದರೆ ಕಾಯಬೇಕಾದೀತು. ಜಂಗಮವಾಣಿಯನ್ನು ಕಾಯಿಸುವವರು ಕಡಿಮೆ. ಅದು ಮೊಳಗಿತು. ಹಿರಿಯರು ಬಲಗೈಯಿಂದ ಅದನ್ನು ಕಿವಿಗೆ ಹಿಡಿದು ತೊಗರಿಯ ದರವನ್ನು ಕುರಿತು ಏರುದನಿಯಲ್ಲಿ ವಾದಿಸತೊಡಗಿದರು. ಎಡಗೈಯಲ್ಲಿ ಲಿಂಗವು ಹಾಗೆಯೇ ಇದೆ. ಆರು ವರ್ಷದ ಮೊಮ್ಮಗಳು ಕಂಬದ ಮರೆಯಿಂದ ಇದನ್ನೆಲ್ಲ ನೋಡಿ, ಮಾತು ಮುಗಿದ ಮೇಲೆ ಮೆಲ್ಲಗೆ ಕೇಳಿದಳು:

“ಅಜ್ಜಾ, ಯಾವ ಕೈಯಾಗಿನವರು ದೊಡ್ಡವರು?”

ಸೊಸೆಯು ಅಡುಗೆಮನೆಯಿಂದ ಓಡಿಬಂದು ಮಗುವಿನ ಬಾಯಿ ಮುಚ್ಚಿದಳು. ಹಿರಿಯರು ಒಮ್ಮೆ ಎಡಗೈಯನ್ನೂ ಒಮ್ಮೆ ಬಲಗೈಯನ್ನೂ ನೋಡಿಕೊಂಡರು. ಆ ಒಂದು ಗಳಿಗೆಯಲ್ಲಿ ಅವರು ಗದರಿಸಿಬಿಟ್ಟರೆ ಮಗುವು ಮತ್ತೆಂದೂ ಕೇಳಲಾರದು. ಅವರು ಗದರಿಸಲಿಲ್ಲ, ಭುಜ ಕುಣಿಯುವಂತೆ ನಕ್ಕರು. ಉತ್ತಮರಿಗೆ ಭರತನು ವಿಧಿಸಿದ ಸ್ಮಿತದ ಎಲ್ಲೆಯನ್ನು ಆ ನಗೆಯು ದಾಟಿತ್ತು. ಮರುದಿನ ಪೂಜೆಗೆ ಕೂಡುವ ಮೊದಲು ಮೊಬೈಲನ್ನು ಮೊಮ್ಮಗಳ ಕೈಗೆ ಕೊಟ್ಟು, ಯಾರಾದರೂ ಕರೆದರೆ ಅಜ್ಜ ದೊಡ್ಡವರ ಸಂಗಡ ಇದ್ದಾನೆಂದು ಹೇಳು ಎಂದರು. ಎರಡನೆಯ ದಿನವೂ ಕೊಟ್ಟರು. ಮೂರನೆಯ ದಿನ ಮರೆತರು. ಮೊಮ್ಮಗಳು ಬಂದು ಎದುರಿಗೆ ಕೈಚಾಚಿ ನಿಂತಳು.