ಅಂಗಡಿ ಮಾರಬಹುದು, ಬೋರ್ಡು ಮಾರಲಾಗದು

ಪ್ರಶ್ನೆ: ಪರಿಚಯದವರೊಬ್ಬರು ಬೀದರ್ ಮತ್ತು ಔರಾದ್‌ನಲ್ಲಿ ದೊಡ್ಡ ಕಂಪನಿಯೊಂದರ ಚಹಾ-ತಿಂಡಿ ಫ್ರಾಂಚೈಸಿ ನಡೆಸುತ್ತಿದ್ದಾರೆ. ಎರಡನ್ನೂ ನನಗೆ ಬಿಟ್ಟುಕೊಡುತ್ತಾರಂತೆ. ಬಾಂಡ್ ಮೇಲೆ ಬರೆದು ನೋಟರಿ ಮಾಡಿಸಿದರೆ ಸಾಕು ಎನ್ನುತ್ತಾರೆ. ಸಾಕೇ?
– ಓದುಗರೊಬ್ಬರು, ಭಾಲ್ಕಿ

ಉತ್ತರ: ಸಾಲದು. ಮುಂಗಡ ಇನ್ನೂ ಕೊಟ್ಟಿಲ್ಲವಾದರೆ ಸದ್ಯಕ್ಕೆ ಕೊಡಬೇಡಿ.

ಒಲೆ, ಫ್ರಿಜ್, ಕುರ್ಚಿ, ಉಳಿದ ಸರಕು ಅವರವೇ ಆಗಿದ್ದರೆ ಧಾರಾಳವಾಗಿ ಮಾರಲಿ. ಬೋರ್ಡಿನ ಮೇಲಿರುವ ಹೆಸರು ಮಾತ್ರ ಕಂಪನಿಯದು. ಅದನ್ನು ಬಳಸುವ ಅನುಮತಿ ಸಿಕ್ಕಿರುವುದು ಅವರಿಗೆ, ನಿಮಗಲ್ಲ. ಬಾಡಿಗೆದಾರ ಮನೆ ಮಾರಲು ಹೊರಟಂತೆ ಇದು. ನಿಮ್ಮಿಬ್ಬರ ಬಾಂಡು ಕಂಪನಿಯನ್ನು ಕಟ್ಟಿಹಾಕುವುದಿಲ್ಲ.

ನಮ್ಮ ದೇಶದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾಯ್ದೆ ಇಲ್ಲ. 1872ರ ಕರಾರು ಕಾಯ್ದೆ, 1999ರ ಟ್ರೇಡ್ ಮಾರ್ಕ್ ಕಾಯ್ದೆ, ಇವುಗಳ ಜೊತೆಗೆ ಅವರು ಕಂಪನಿಯೊಂದಿಗೆ ಸಹಿ ಹಾಕಿದ ಒಪ್ಪಂದ, ಇಷ್ಟೇ ಆಧಾರ. ಕರಾರಿನ ಹೊಣೆಯನ್ನು ಎದುರು ಪಕ್ಷದ ಒಪ್ಪಿಗೆಯಿಲ್ಲದೆ ಬೇರೆಯವರ ತಲೆಗೆ ಕಟ್ಟಲಾಗದು ಎಂದು ಸುಪ್ರೀಂ ಕೋರ್ಟ್ 1962ರಲ್ಲೇ ಖರ್ದಾ ಕಂಪನಿ ಪ್ರಕರಣದಲ್ಲಿ ಹೇಳಿದೆ.

ದೊಡ್ಡವರೂ ಇಲ್ಲಿ ಎಡವಿದ್ದಾರೆ. ಗುಜರಾತ್ ಬಾಟ್ಲಿಂಗ್ ಕಂಪನಿ ಕೋಕಾ ಕೋಲಾದ ಪಾನೀಯಗಳನ್ನು ಬಾಟಲಿಗೆ ತುಂಬುವ ಫ್ರಾಂಚೈಸಿ ಹೊಂದಿತ್ತು. 1995ರಲ್ಲಿ ಅದರ ಷೇರುಗಳು ಪೆಪ್ಸಿ ಕಡೆಯವರ ಕೈಸೇರಿದವು. ಕಂಪನಿ ಅದೇ, ಕಾರ್ಖಾನೆ ಅದೇ, ಒಡೆಯರು ಮಾತ್ರ ಬೇರೆ. ಆದರೆ ಒಪ್ಪಿಗೆಯಿಲ್ಲದೆ ಹಿಡಿತ ಬದಲಾಗಬಾರದೆಂಬ ಷರತ್ತು ಒಪ್ಪಂದದಲ್ಲಿತ್ತು. ಕೋಕಾ ಕೋಲಾ ಪಡೆದ ಮಧ್ಯಂತರ ತಡೆಯಾಜ್ಞೆಯನ್ನು ಸುಪ್ರೀಂ ಕೋರ್ಟ್ ಅದೇ ವರ್ಷ ಎತ್ತಿಹಿಡಿಯಿತು. ಹಾಗಾಗಿ ‘ಫ್ರಾಂಚೈಸಿ ನನ್ನ ಹೆಸರಲ್ಲೇ ಇರಲಿ, ನೀವು ನಡೆಸಿಕೊಂಡು ಹೋಗಿ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಗುಟ್ಟಾಗಿ ಕೈಬದಲಾಯಿಸಿದ್ದು ಗೊತ್ತಾದರೆ ಕಂಪನಿ ಒಪ್ಪಂದವನ್ನೇ ರದ್ದು ಮಾಡಬಹುದು, ಡಿಪಾಜಿಟ್ಟಿಗೂ ಕುತ್ತು.

ಸರಿಯಾದ ದಾರಿಯೆಂದರೆ ಕಂಪನಿ, ಅವರು, ನೀವು ಮೂವರೂ ಸಹಿ ಹಾಕುವ ಹೊಸ ಒಪ್ಪಂದ. ಕರಾರು ಕಾಯ್ದೆಯ 62ನೇ ಕಲಂ ಇದಕ್ಕೆ ಅವಕಾಶ ಕೊಡುತ್ತದೆ. ಕಂಪನಿ ಸಾಮಾನ್ಯವಾಗಿ ವರ್ಗಾವಣೆ ಶುಲ್ಕ ಕೇಳುತ್ತದೆ, ಹಳೆ ಬಾಕಿ ತೀರಿಸಲು ಹೇಳುತ್ತದೆ, ನಿಮಗೆ ತರಬೇತಿಯನ್ನೂ ಕಡ್ಡಾಯ ಮಾಡಬಹುದು. ಅವಧಿ ಎಷ್ಟು ಉಳಿದಿದೆ ನೋಡಿ. ಐದು ವರ್ಷದ ಒಪ್ಪಂದದಲ್ಲಿ ಎಂಟು ತಿಂಗಳಷ್ಟೇ ಬಾಕಿಯಿದ್ದರೆ ಅಷ್ಟೊಂದು ಗುಡ್‌ವಿಲ್ ಹಣ (ಕುದುರಿದ ವ್ಯಾಪಾರಕ್ಕೆ ಕೊಡುವ ಬೆಲೆ) ಯಾತಕ್ಕೆ? ಕೊಡುವುದೇ ಆದರೆ, ಅವರು ಅದೇ ಊರಲ್ಲಿ ಅದೇ ವ್ಯಾಪಾರ ಮತ್ತೆ ತೆರೆಯಬಾರದೆಂದು ಬರೆಸಿಕೊಳ್ಳಿ. ಗುಡ್‌ವಿಲ್ ಮಾರಾಟದಲ್ಲಿ ಇಂಥ ಷರತ್ತಿಗೆ ಅದೇ ಕಾಯ್ದೆಯ 27ನೇ ಕಲಂ ವಿನಾಯಿತಿ ಕೊಟ್ಟಿದೆ.

ಇನ್ನು ತೆರಿಗೆ. ಹೆಚ್ಚಿನವರು ಸಿಕ್ಕಿಬೀಳುವುದು ಇಲ್ಲೇ. ಒಬ್ಬರ ಎರಡು ಮಳಿಗೆಗಳು ಒಂದೇ ಜಿಎಸ್‌ಟಿ ನಂಬರಿನಲ್ಲಿರುವುದು ಸಾಮಾನ್ಯ. ವ್ಯಾಪಾರ ಕೈಬದಲಾದರೆ, ಅಲ್ಲಿಯವರೆಗಿನ ತೆರಿಗೆ, ಬಡ್ಡಿ, ದಂಡಕ್ಕೆ ಮಾರಿದವರ ಜೊತೆ ಕೊಂಡವರೂ ಹೊಣೆ ಎನ್ನುತ್ತದೆ ಜಿಎಸ್‌ಟಿ ಕಾಯ್ದೆಯ 85ನೇ ಕಲಂ. ಬಾಕಿ ಲೆಕ್ಕ ಆಮೇಲೆ ಹೊರಬಿದ್ದರೂ ಅಷ್ಟೇ. ಅವರ ನಂಬರಿನಲ್ಲಿ ನೀವು ಬಿಲ್ ಹಾಕುವಂತಿಲ್ಲ. ಆಹಾರ ಪರವಾನಗಿ ಮತ್ತು ವ್ಯಾಪಾರ ಪರವಾನಗಿಯನ್ನು ಎರಡೂ ಊರುಗಳಲ್ಲಿ ನಿಮ್ಮ ಹೆಸರಲ್ಲೇ ಮಾಡಿಸಿ. ಕಟ್ಟಡದ ಮಾಲೀಕರ ಒಪ್ಪಿಗೆಯೂ ಬೇಕು.

ಮೊದಲು ಕಂಪನಿಯ ಮೂಲ ಒಪ್ಪಂದದ ಪ್ರತಿ ಕೇಳಿ ಪಡೆದು, ವಕೀಲರಿಗೆ ತೋರಿಸಿ. ಕೊಡಲು ಅವರು ಹಿಂದೆಮುಂದೆ ನೋಡಿದರೆ ಈ ವ್ಯವಹಾರ ಬಿಟ್ಟುಬಿಡಿ.