ಅಧಿಕಪ್ರಸಂಗಿ ಪತ್ತೇದಾರಿ: ಫ್ಲೇವಿಯಾಳನ್ನು ಓದೋದು ಹೇಗೆ?

ಹನ್ನೊಂದು ವರ್ಷದ ಹುಡುಗಿ ಕೊಲೆ ಕೇಸ್ ಬಿಡಿಸಿದಳು ಅಂದ್ರೆ ನಂಬಬಹುದಾ? ಕೆನಡಾದ ಅಲನ್ ಬ್ರಾಡ್ಲಿ ಬರೆದ ‘ದ ಸ್ವೀಟ್‌ನೆಸ್ ಅಟ್ ದ ಬಾಟಮ್ ಆಫ್ ದ ಪೈ’ (2009) ಓದಿದವರು ಮೊದಲು ಜಗಳ ಆಡೋದು ಇದೇ ಪ್ರಶ್ನೆಗೆ. ಈ ಸಲದ ಓದಿನ ಪಾಠಕ್ಕೆ ನಾವು ಆ ಜಗಳವನ್ನೇ ತಗೊಂಡಿದ್ದೇವೆ. ಕೊಲೆಗಾರ ಯಾರು ಅಂತ ಹೇಳೋದಿಲ್ಲ, ಧೈರ್ಯವಾಗಿ ಓದಿ.

ಕಥೆ ಇಷ್ಟು

1950ರ ಬೇಸಿಗೆ, ಇಂಗ್ಲೆಂಡಿನ ಒಂದು ಹಳ್ಳಿ. ಫ್ಲೇವಿಯಾ ಡಿ ಲೂಸ್ ಹಳೇ ಬಂಗಲೆಯಲ್ಲಿ ಅಪ್ಪ ಮತ್ತು ಇಬ್ಬರು ಅಕ್ಕಂದಿರ ಜೊತೆ ಇರ್ತಾಳೆ. ಅಮ್ಮ ಇಲ್ಲ. ಮನೆಯಲ್ಲಿ ಹಿಂದಿನವರು ಬಿಟ್ಟುಹೋದ ಕೆಮಿಸ್ಟ್ರಿ ಲ್ಯಾಬ್ ಇದೆ. ಅದೇ ಅವಳ ಪ್ರಪಂಚ, ವಿಷಗಳು ಅಂದ್ರೆ ಪ್ರಾಣ. ಒಂದು ದಿನ ಬಾಗಿಲ ಮುಂದೆ ಸತ್ತ ಹಕ್ಕಿ ಬಿದ್ದಿರುತ್ತೆ, ಅದರ ಕೊಕ್ಕಿಗೆ ಚುಚ್ಚಿದ ಅಂಚೆಚೀಟಿ. ಆಮೇಲೆ ಸೌತೆಕಾಯಿ ಪಾತಿಯಲ್ಲಿ ಅಪರಿಚಿತನೊಬ್ಬ ಅವಳ ಕಣ್ಣೆದುರೇ ಕೊನೆಯುಸಿರು ಬಿಡ್ತಾನೆ. ಪೊಲೀಸರು ಅಪ್ಪನನ್ನೇ ಹಿಡಿದುಕೊಂಡು ಹೋಗ್ತಾರೆ.

ಓದಿದವರು ಏನಂತಾರೆ?

ಒಂದು ಗುಂಪು: “ಈ ವಯಸ್ಸಿನ ಮಗು ಹೀಗೆ ಮಾತಾಡಲ್ಲ. ಇದು ಲೇಖಕರ ಬಾಯಿ, ಹುಡುಗಿಯದ್ದಲ್ಲ.” ಈ ಮಾತಿನಲ್ಲಿ ಹುರುಳಿದೆ. ಬ್ರಾಡ್ಲಿ ಅವರ ಈ ಮೊದಲ ಕಾದಂಬರಿ ಬಂದಾಗ ಅವರಿಗೆ ಎಪ್ಪತ್ತು ವರ್ಷ. ಕೆಲವು ಜೋಕುಗಳು ಹನ್ನೊಂದರವಲ್ಲ, ಎಪ್ಪತ್ತರವೇ.

ಇನ್ನೊಂದು ಗುಂಪಿಗೆ ಅವಳ ಮಾತೇ ಇಷ್ಟ. ಕೊಲೆಗಾರ ಯಾರಾದರೂ ಆಗಲಿ ಅಂತಾರೆ. ಮೂರನೇ ಗುಂಪಿಗೆ ಅಂಚೆಚೀಟಿಗಳ ಇತಿಹಾಸ ಉದ್ದವಾಯ್ತು, ಕಥೆ ನಿಧಾನವಾಯ್ತು ಅನ್ನೋ ದೂರು.

ಯಾವ ಅಭಿಪ್ರಾಯ ಸರಿ ಅಂತ ವೋಟ್ ಹಾಕೋ ಮುಂಚೆ ಎರಡು ಪರೀಕ್ಷೆ ಮಾಡೋಣ.

ಪರೀಕ್ಷೆ 1: ಗೊತ್ತಿರೋದು ಬೇರೆ, ಅರ್ಥ ಆಗೋದು ಬೇರೆ

ಕೆಮಿಸ್ಟ್ರಿಯನ್ನು ಪುಸ್ತಕದಿಂದ ಕಲಿಯಬಹುದು. ಲ್ಯಾಬ್ ಮತ್ತು ಪುರುಸೊತ್ತು ಎರಡೂ ಇದ್ದರೆ ಹನ್ನೊಂದು ವರ್ಷಕ್ಕೂ ಸಾಧ್ಯ. ಮನುಷ್ಯರನ್ನು ಹಾಗೆ ಕಲಿಯೋಕಾಗಲ್ಲ. ಫ್ಲೇವಿಯಾ ಅಕ್ಕನ ಮೇಲಿನ ಸಿಟ್ಟಿಗೆ ತುರಿಕೆ ಬರಿಸೋ ಬಳ್ಳಿಯ ಸಾರ ಇಳಿಸಿ ಲಿಪ್‌ಸ್ಟಿಕ್‌ಗೆ ಬೆರೆಸ್ತಾಳೆ. ವಿಧಾನ ಲ್ಯಾಬಿನದು, ಸಿಟ್ಟು ಮಾತ್ರ ಚಿಕ್ಕ ಹುಡುಗಿಯದೇ. ವಿಷಗಳ ಬಗ್ಗೆ ಅಷ್ಟೆಲ್ಲಾ ತಿಳಿದವಳಿಗೆ ಅಪ್ಪ ಯಾಕೆ ಮಾತಾಡಲ್ಲ ಅನ್ನೋದು ತಿಳಿಯೋದಿಲ್ಲ. ಈ ಪರೀಕ್ಷೆಯಲ್ಲಿ ಅವಳು ಪಾಸ್.

ಪರೀಕ್ಷೆ 2: ಸುಳಿವು ನಮಗೂ ಕಂಡಿತ್ತಾ?

ಹೋಮ್ಸ್ ಕಥೆಗಳನ್ನು ಹೆಚ್ಚಾಗಿ ಹೇಳೋದು ವಾಟ್ಸನ್. ಸತ್ಯಜಿತ್ ರೇ ಅವರ ಫೆಲೂದಾ ಕಥೆಗಳನ್ನು ಹೇಳೋದು ತಮ್ಮ ತೋಪ್ಸೆ. ಪತ್ತೇದಾರನ ತಲೆಯಲ್ಲಿ ಏನಿದೆ ಅಂತ ಮುಚ್ಚಿಡೋಕೆ ಈ ಏರ್ಪಾಡು. ಫ್ಲೇವಿಯಾ ತನ್ನ ಕಥೆಯನ್ನು ತಾನೇ ಹೇಳ್ತಾಳೆ, ಹಾಗಾಗಿ ಮುಚ್ಚಿಡೋದು ಕಷ್ಟ. ಇಲ್ಲಿ ವಯಸ್ಸು ಕೆಲಸಕ್ಕೆ ಬರುತ್ತೆ: ದೊಡ್ಡವರ ವಿಷಯವನ್ನು ಅವಳು ನೋಡ್ತಾಳೆ, ಪೂರ್ತಿ ಅರ್ಥ ಆಗದೆಯೇ ನಮಗೆ ಹೇಳಿಬಿಡ್ತಾಳೆ. ಸುಳಿವು ನಮ್ಮ ಮುಂದೆಯೇ ಇರುತ್ತೆ. ಅವಳನ್ನು ಇಪ್ಪತ್ತೈದರ ಹೆಂಗಸು ಮಾಡಿದರೆ ಈ ಕಥೆ ಓಡೋದೇ ಇಲ್ಲ.

ಇನ್ನೊಂದು ಲಾಭವೂ ಇದೆ: ಅವಳನ್ನು ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ. ಶವ ಮೊದಲು ಕಂಡವಳು ಅವಳೇ, ಆದರೂ ಇನ್‌ಸ್ಪೆಕ್ಟರ್ ಹೆವಿಟ್ ಅವಳಿಗೆ ಟೀ ವ್ಯವಸ್ಥೆ ಮಾಡೋಕೆ ಹೇಳ್ತಾರೆ! ಆ ಸಿಟ್ಟು ಅವಳನ್ನು ಮುಂದಕ್ಕೆ ತಳ್ಳುತ್ತೆ.

ನಮ್ಮ ಕಡೆ ಇಂಥವಳನ್ನು ಏನಂತಾರೆ?

ಅಧಿಕಪ್ರಸಂಗಿ. “ಬಾಳ ಶಾಣ್ಯಾಕಿ ಆಗಬ್ಯಾಡ, ದೊಡ್ಡೋರ ಮಾತಿನಾಗ ಬಾಯಿ ಹಾಕಬ್ಯಾಡ” ಅಂತ ಕೇಳದೆ ಬೆಳೆದ ಹುಡುಗಿಯರು ನಮ್ಮ ಕ್ಲಾಸಿನಲ್ಲಿ ಎಷ್ಟು ಜನ ಇದ್ದಾರೆ? ಫ್ಲೇವಿಯಾಳನ್ನು “ಅತಿಯಾಯ್ತು” ಅನ್ನುವಾಗ ನಾವು ಬರವಣಿಗೆಯ ತಪ್ಪು ಹೇಳ್ತಿದ್ದೀವಾ, ಇಲ್ಲಾ ಆ ಹಳೇ ಗದರಿಕೆಯನ್ನೇ ವಿಮರ್ಶೆ ಅಂತ ಹೇಳ್ತಿದ್ದೀವಾ? ಇದನ್ನು ಬೇರ್ಪಡಿಸೋದೇ ಈ ಪಾಠದ ಮುಖ್ಯ ಕೆಲಸ.

ಪ್ರಶ್ನೆ ಕೇಳೋ ಬುದ್ಧಿಯ ಬೆಲೆ ನೋಡೋಕೆ ಇಂಗ್ಲೆಂಡಿಗೇ ಹೋಗಬೇಕಿಲ್ಲ. ಬಳ್ಳಾರಿ–ಹೊಸಪೇಟೆ ರಸ್ತೆಯ ಕುಡತಿನಿ ಅಂದ ತಕ್ಷಣ ನಮಗೆ ಥರ್ಮಲ್ ಸ್ಟೇಷನ್ ನೆನಪಾಗುತ್ತೆ: 500, 500, 700 ಮೆಗಾವಾಟ್‌ನ ಮೂರು ಘಟಕ, ಕಲ್ಲಿದ್ದಲ ಬೂದಿ. ಆದರೆ ಅದೇ ಕುಡತಿನಿ ಹತ್ತಿರ ನವಶಿಲಾಯುಗದ ಬೂದಿದಿಬ್ಬವೂ ಇದೆ. ಆಗ ಕಲ್ಲಿದ್ದಲೂ ಇಲ್ಲ, ಬಾಯ್ಲರೂ ಇಲ್ಲ. ಹಾಗಾದ್ರೆ ಅಷ್ಟು ಬೂದಿ ಎಲ್ಲಿಂದ ಬಂತು? ಹಂಪಿ ಹತ್ತಿರದ ನಿಂಬಾಪುರದ ಇಂಥದೇ ದಿಬ್ಬವನ್ನು ಜನ ವಾಲಿಯ ಚಿತೆ ಅಂತಾರೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇಂಥ ದಿಬ್ಬಗಳನ್ನು ಪರಿಶೀಲಿಸಿ, ಇದು ಸುಟ್ಟ ಸಗಣಿ ಅಂದರು. ತೆಲಂಗಾಣದ ಉಟ್ನೂರಿನ ಉತ್ಖನನದಲ್ಲಿ ದನಗಳ ಗೊರಸಿನ ಗುರುತುಗಳೇ ಸಿಕ್ಕವು. ನೋಡಿ, ಇದು ಶುದ್ಧ ಪತ್ತೇದಾರಿ ಕೆಲಸ. “ಇದು ಯಾರ ಬೂದಿ?” ಅನ್ನೋದು ಮಕ್ಕಳು ಕೇಳುವಂಥ ಪ್ರಶ್ನೆಯೇ.

ಮುಂದಿನ ಭೇಟಿಗೆ ಹೋಮ್‌ವರ್ಕ್

1. ಕಾದಂಬರಿ ಓದುವಾಗ ಫ್ಲೇವಿಯಾಗೆ ಗೊತ್ತಿರೋದು, ಅರ್ಥ ಆಗದಿರೋದು ಅಂತ ಎರಡು ಪಟ್ಟಿ ಮಾಡಿ.
2. ಅಡುಗೆಯ ಮಿಸೆಸ್ ಮಲ್ಲೆಟ್ ಮಾಡಿದ ಪೈನಿಂದ ಒಂದು ತುಂಡು ಕಾಣೆಯಾಗುತ್ತೆ. ಅದು ಸುಳಿವು ಅಂತ ನಿಮಗೆ ಯಾವ ಪುಟದಲ್ಲಿ ಹೊಳೀತು? ಗುರುತು ಹಾಕ್ಕೊಳ್ಳಿ.
3. ಅವಳು ಇಷ್ಟವಾಗದಿದ್ದರೆ ಹಾಗೇ ಬರೀರಿ, ಆದರೆ ಯಾವ ಮಾತು, ಯಾವ ಸನ್ನಿವೇಶ ಅಂತ ತೋರಿಸಿ. “ಅತಿಯಾಯ್ತು” ಅಂತ ಮಾತ್ರ ಬರೆದರೆ ಮಾರ್ಕ್ಸ್ ಇಲ್ಲ.