ಗೇರ್‌ಬಾಕ್ಸ್ ಬಿಚ್ಚುವ ಮುನ್ನ

ರೋಣ, ನರಗುಂದ, ಗಜೇಂದ್ರಗಡದ ಗ್ಯಾರೇಜುಗಳಲ್ಲಿ ಕೆಲಸ ಕಲಿಯುತ್ತಿರುವವರಿಗೆ ಈ ಪತ್ರ.

ಗೇರು ಬದಲಾಗುವಾಗ ಟ್ರ್ಯಾಕ್ಟರು ಜರ್ಕ್ ಹೊಡೆಯುತ್ತದೆ ಎಂಬ ದೂರು ಬಂದ ಕೂಡಲೇ ಪಾನಾ ಹಿಡಿದು ಹೌಸಿಂಗ್ ಬಿಚ್ಚುವ ಆತುರವನ್ನು, ಈ ಕಸುಬಿಗೆ ಇಳಿದವನು ಎಲ್ಲಕ್ಕಿಂತ ಮೊದಲು ಬಿಡಬೇಕು. ಹಿಂಗಾರಿನಲ್ಲಿ ಎರೆಹೊಲದ ಹಸಿ ಆರುವ ಮುನ್ನ ಕಡಲೆ, ಬಿಳಿಜೋಳ ಬಿತ್ತಿ ಮುಗಿಸಬೇಕಾದ ಸೀಮೆಯಿದು. ಆ ಹೊತ್ತಿನಲ್ಲಿ ಯಂತ್ರವೊಂದು ಒಡಲು ತೆರೆದುಕೊಂಡು ವಾರಗಟ್ಟಲೆ ನಿಂತರೆ ರೈತನಿಗೆ ಆಗುವ ನಷ್ಟವು ರಿಪೇರಿ ಬಿಲ್ಲಿನಲ್ಲಿ ಕಾಣುವುದಿಲ್ಲ. ದೋಷವು ಯಾವ ಗೇರಿನಲ್ಲಿ, ಯಾವ ಹೊತ್ತಿನಲ್ಲಿ, ಎಷ್ಟು ಭಾರ ಎಳೆಯುವಾಗ ಕಾಣಿಸಿಕೊಳ್ಳುತ್ತದೆ ಎಂಬುದನ್ನು ಹೊರಗಿನಿಂದಲೇ ವಿಚಾರಿಸಿದರೆ, ಒಳಗಿನ ಯಾವ ಭಾಗ ಕೆಟ್ಟಿದೆ ಎಂಬುದು ಬಹುಮಟ್ಟಿಗೆ ಅಲ್ಲಿಯೇ ತಿಳಿಯುತ್ತದೆ.

ಈ ಮೂರು ತಾಲ್ಲೂಕುಗಳ ಹೊಲಗಳಲ್ಲಿ ದುಡಿಯುವ ಟ್ರ್ಯಾಕ್ಟರುಗಳಲ್ಲಿ ಹೆಚ್ಚಿನವು 35ರಿಂದ 50 ಅಶ್ವಶಕ್ತಿಯವು. ಅವುಗಳ ಗೇರ್‌ಬಾಕ್ಸಿನಲ್ಲಿ ಹಲ್ಲಿನ ಚಕ್ರಗಳನ್ನು ಚಾಲಕನೇ ಲಿವರಿನಿಂದ ಕೂಡಿಸಬೇಕು. ಅಂಥವುಗಳಲ್ಲಿ ಗೇರು ಕರಕರ ಎಂದರೆ ಅಪರಾಧಿ ಬಹುತೇಕ ಗೇರಲ್ಲ, ಪೂರ್ತಿ ಬಿಡದ ಕ್ಲಚ್ಚು. ಎಂಜಿನ್ ಓಡುತ್ತಿರುವಾಗ ಪೆಡಲನ್ನು ತಳಮುಟ್ಟ ಒತ್ತಿ, ಕೆಲವು ಸೆಕೆಂಡು ಕಾದು, ರಿವರ್ಸ್ ಹಾಕಿ ನೋಡಿದಾಗಲೂ ಸದ್ದು ಬಂದರೆ ಪೆಡಲಿನ ಸಡಿಲನ್ನು ಅಳೆದು ಸರಿಪಡಿಸಬೇಕು.

ಪವರ್‌ಶಿಫ್ಟ್ ಬೇರೆಯ ಜಾತಿಯದು. ಎಂಜಿನ್ನಿನ ಶಕ್ತಿಯು ಚಕ್ರಕ್ಕೆ ಹರಿಯುವುದು ತುಂಡಾಗದಂತೆ, ಭಾರ ಎಳೆಯುತ್ತಿರುವಾಗಲೇ ಗೇರು ಬದಲಿಸುವ ಈ ವ್ಯವಸ್ಥೆಯು ಹೊಲದ ಟ್ರ್ಯಾಕ್ಟರಿಗೆ ಪೂರ್ಣರೂಪದಲ್ಲಿ ಬಂದದ್ದು 1959ರಲ್ಲಿ, ಫೋರ್ಡ್ ಕಂಪನಿಯ ಸೆಲೆಕ್ಟ್-ಓ-ಸ್ಪೀಡ್ ಮೂಲಕ. ಜಾನ್ ಡಿಯರ್ 1963ರಲ್ಲಿ ತನ್ನ 4020 ಮಾದರಿಗೆ ಎಂಟು ಗೇರುಗಳ ಪವರ್‌ಶಿಫ್ಟ್ ನೀಡಿತು. ನಮ್ಮ ಸೀಮೆಯಲ್ಲಿ ಪೂರ್ಣ ಪವರ್‌ಶಿಫ್ಟ್ ಟ್ರ್ಯಾಕ್ಟರು ಅಪರೂಪವೇ ಸರಿ. ಆದರೆ ಕೃಷಿಹೊಂಡ ತೋಡಲು ಬರುವ ಜೆಸಿಬಿಯ ಮುಂದೆ-ಹಿಂದೆ ಚಲನೆಯೂ, ಕೆಲವು ಹೊಸ ಟ್ರ್ಯಾಕ್ಟರುಗಳ ರಿವರ್ಸರ್ ಲಿವರೂ ಇದೇ ತತ್ವದ ಮೇಲೆ ನಿಂತಿರುವುದರಿಂದ, ಈ ವಿದ್ಯೆಯನ್ನು ದೂರದ ದೇಶದ್ದೆಂದು ಬದಿಗಿಡಲಾಗದು.

ಪವರ್‌ಶಿಫ್ಟ್ ಗೇರ್‌ಬಾಕ್ಸಿನೊಳಗೆ ಆಯಿಲಿನಲ್ಲಿ ಮುಳುಗಿರುವ ಹಲವು ಪ್ಲೇಟುಗಳ ಕ್ಲಚ್ಚುಗಳಿರುತ್ತವೆ. ಲೈನಿಂಗ್ ಅಂಟಿಸಿದ ಪ್ಲೇಟು, ಬರಿಯ ಉಕ್ಕಿನ ಪ್ಲೇಟು ಹೀಗೆ ಒಂದಾದ ಮೇಲೊಂದು ಜೋಡಿಸಿದ ಕಟ್ಟನ್ನು ಆಯಿಲಿನ ಒತ್ತಡದಿಂದ ಚಲಿಸುವ ಪಿಸ್ಟನ್ ಒತ್ತಿ ಹಿಡಿಯುತ್ತದೆ. ಆ ಆಯಿಲಿಗೆ ದಾರಿ ತೆರೆಯುವುದು ವಿದ್ಯುತ್ತಿನಿಂದ ಕೆಲಸ ಮಾಡುವ ಸೊಲೆನಾಯ್ಡ್ ವಾಲ್ವು. ಗೇರು ಬದಲಾಗುವುದೆಂದರೆ ಒಂದು ಕ್ಲಚ್ಚು ಬಿಡುತ್ತಿರುವಂತೆಯೇ ಇನ್ನೊಂದು ಹಿಡಿಯುವುದು. ಕೂರಿಗೆಯ ಬಟ್ಟಲಿಗೆ ಬೀಜ ಬಿಡುವ ಹೆಣ್ಣುಮಗಳ ಕೈ ಸರಿಯುವಷ್ಟರಲ್ಲಿ ಮತ್ತೊಬ್ಬಳ ಕೈ ಬಂದಿರಬೇಕು. ತಡವಾದರೆ ಸಾಲು ಖಾಲಿ, ಎರಡೂ ಕೂಡಿದರೆ ಬೀಜ ದಟ್ಟ. ಇಲ್ಲಿಯೂ ಹಾಗೆಯೇ, ಎರಡನೆಯ ಕ್ಲಚ್ಚು ತಡವಾಗಿ ಹಿಡಿದರೆ ಯಂತ್ರವು ಕ್ಷಣಕಾಲ ಸೋತು ಆಮೇಲೆ ಜಗ್ಗುತ್ತದೆ, ಎರಡೂ ಒಟ್ಟಿಗೆ ಹಿಡಿದರೆ ಮುಗ್ಗರಿಸುತ್ತದೆ.

ಆದ್ದರಿಂದ ಮೊದಲ ಪ್ರಶ್ನೆ, ಜರ್ಕ್ ಎಲ್ಲ ಗೇರುಗಳಲ್ಲಿಯೂ ಇದೆಯೋ ಅಥವಾ ಒಂದೆರಡರಲ್ಲಿ ಮಾತ್ರವೋ ಎಂಬುದು. ಎಲ್ಲದರಲ್ಲಿಯೂ ಇದ್ದರೆ ಕಾರಣವು ಎಲ್ಲ ಕ್ಲಚ್ಚುಗಳಿಗೂ ಸಮಾನವಾದದ್ದು, ಅಂದರೆ ಆಯಿಲು, ಫಿಲ್ಟರು, ಪಂಪು ಅಥವಾ ಬ್ಯಾಟರಿಯ ವೋಲ್ಟೇಜು. ಕೆಲವೇ ಗೇರುಗಳಲ್ಲಿದ್ದರೆ, ಯಾವ ಗೇರಿಗೆ ಯಾವ ಕ್ಲಚ್ಚುಗಳು ಹಿಡಿಯುತ್ತವೆ ಎಂದು ತೋರಿಸುವ ಪಟ್ಟಿಯನ್ನು ಸರ್ವಿಸ್ ಕೈಪಿಡಿಯಲ್ಲಿ ತೆರೆದು, ಕೆಟ್ಟ ಗೇರುಗಳೆಲ್ಲಕ್ಕೂ ಸಮಾನವಾದ ಕ್ಲಚ್ಚು ಯಾವುದೆಂದು ಗುರುತಿಸಬೇಕು. ಈ ಪಟ್ಟಿಯನ್ನು ಓದಲು ಕಲಿತ ಮೆಕ್ಯಾನಿಕನ ಅರ್ಧ ಕೆಲಸ ಕುಳಿತಲ್ಲಿಯೇ ಮುಗಿಯುತ್ತದೆ. ಎರಡನೆಯ ಪ್ರಶ್ನೆ ಬಿಸಿಗೆ ಸಂಬಂಧಿಸಿದ್ದು. ಮಾಗಿಯ ಮುಂಜಾನೆ ಮಾತ್ರ ಜರ್ಕ್ ಹೊಡೆದು ಆಮೇಲೆ ಸರಿಹೋದರೆ ಆಯಿಲು ದಪ್ಪವಾಗಿರುವುದನ್ನು ಶಂಕಿಸಬೇಕು. ಬೆಳಿಗ್ಗೆ ಚೆನ್ನಾಗಿದ್ದು ಮಧ್ಯಾಹ್ನದ ಬಿಸಿಲಿನಲ್ಲಿ ಕೆಟ್ಟರೆ, ತೆಳುವಾದ ಆಯಿಲು ಸವೆದ ಸೀಲುಗಳಿಂದಲೋ ಪಂಪಿನ ಒಳಗಿಂದಲೋ ಸೋರಿ ಒತ್ತಡ ಇಳಿಯುತ್ತಿದೆ ಎಂದು ತಿಳಿಯಬೇಕು.

ಆಯಿಲಿನ ವಿಷಯವನ್ನು ಇಲ್ಲಿ ಹೆಚ್ಚು ವಿಸ್ತರಿಸಬೇಕಾಗಿದೆ, ಏಕೆಂದರೆ ಎರೆಸೀಮೆಯಲ್ಲಿ ಕೇಡು ಒಳಹೊಗುವ ದೊಡ್ಡ ಬಾಗಿಲು ಇದೇ. ಹೆಚ್ಚಿನ ಟ್ರ್ಯಾಕ್ಟರುಗಳಲ್ಲಿ ಗೇರು, ಆಯಿಲ್ ಬ್ರೇಕು, ಹೈಡ್ರಾಲಿಕ್ ಮೂರಕ್ಕೂ ಒಂದೇ ಆಯಿಲು. ಟಿಪ್ಪಿಂಗ್ ಟ್ರಾಲಿಯ ಹೋಸ್ ಪೈಪನ್ನು ಧೂಳು ಒರೆಸದೆ ಸಿಕ್ಕಿಸಿದಾಗ ಕಪ್ಪುಮಣ್ಣಿನ ನಯವಾದ ಕಣಗಳು ಟ್ರಾಲಿ ಎತ್ತುವ ಜ್ಯಾಕಿನ ದಾರಿಯಿಂದ ಗೇರ್‌ಬಾಕ್ಸಿಗೆ ಇಳಿದು ವಾಲ್ವುಗಳನ್ನು ಅಂಟಿಸುತ್ತವೆ. ಬಾಡಿಗೆಗೆ ಓಡುವ ಯಂತ್ರವು ಹತ್ತು ಟ್ರಾಲಿಗಳಿಗೆ ಕಟ್ಟಿಕೊಂಡರೆ ಹತ್ತು ಜ್ಯಾಕುಗಳ ಹಳೆಯ ಆಯಿಲು ಅದರಲ್ಲಿ ಬೆರೆತಿರುತ್ತದೆ. ಬೆಣ್ಣೆಹಳ್ಳ ತುಂಬಿದಾಗ ನೀರಿನಲ್ಲಿ ದಾಟಿಸಿದ ಯಂತ್ರದಲ್ಲಿ, ಗಾಳಿಯಾಡುವ ಬ್ರೀದರ್ ರಂಧ್ರದಿಂದ ನೀರು ಸೇರಿ ಆಯಿಲು ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಅಂಥದನ್ನು ಒಂದು ದಿನವೂ ಓಡಿಸಬಾರದು. ಅಗ್ಗಕ್ಕೆ ಸಿಕ್ಕಿತೆಂದು ಬರಿಯ ಗೇರ್ ಆಯಿಲನ್ನೋ ಎಂಜಿನ್ ಆಯಿಲನ್ನೋ ಸುರಿಯುವುದು ಅದಕ್ಕಿಂತ ದೊಡ್ಡ ತಪ್ಪು, ಏಕೆಂದರೆ ಪ್ಲೇಟುಗಳು ಮೆತ್ತಗೆ ಹಿಡಿಯುವಂತೆ ಮಾಡುವ ರಾಸಾಯನಿಕವು ಆ ಆಯಿಲುಗಳಲ್ಲಿ ತಕ್ಕ ಪ್ರಮಾಣದಲ್ಲಿ ಇರುವುದಿಲ್ಲ. ಹಳೆಯ ಫಿಲ್ಟರನ್ನು ಎಸೆಯದೆ ಕತ್ತರಿಸಿ ನೋಡಬೇಕು: ಕಪ್ಪು ನಾರಿನಂಥ ಪುಡಿ ಕಂಡರೆ ಕ್ಲಚ್ ಲೈನಿಂಗ್ ಸವೆಯುತ್ತಿದೆ, ಹೊಳೆಯುವ ಉಕ್ಕಿನ ಚೂರು ಕಂಡರೆ ಗೇರೋ ಬೇರಿಂಗೋ ಒಡೆಯುತ್ತಿದೆ.

ಆಯಿಲು ಸರಿಯಿದ್ದರೆ ಮುಂದಿನದು ಒತ್ತಡದ ಅಳತೆ. ಹಲವು ಯಂತ್ರಗಳಲ್ಲಿ ಕ್ಲಚ್ಚಿನ ಒತ್ತಡವು ಸುಮಾರು 15ರಿಂದ 20 ಬಾರ್ ಇರುತ್ತದಾದರೂ ಆಯಾ ಕೈಪಿಡಿ ಹೇಳಿದ ಸಂಖ್ಯೆಯೇ ಪ್ರಮಾಣ. ವಿದ್ಯುತ್ತಿನ ಕಡೆಯನ್ನು ಕಡೆಗಣಿಸುವವರೇ ಹೆಚ್ಚು: ಕಣಿಕೆಯ ಬಣವೆಯ ಪಕ್ಕದಲ್ಲಿ ನಿಲ್ಲಿಸಿದ ಯಂತ್ರದ ವೈರನ್ನು ಇಲಿ ಕಡಿದಿರಬಹುದು, ಅರ್ಥಿಂಗಿನ ಬೋಲ್ಟಿಗೆ ತುಕ್ಕು ಹಿಡಿದಿರಬಹುದು. ಒಂದೇ ಬಗೆಯ ಎರಡು ಸೊಲೆನಾಯ್ಡುಗಳನ್ನು, ಎಂಜಿನ್ ಆರಿಸಿದ ಮೇಲೆ, ಅದಲುಬದಲು ಮಾಡಿ ನೋಡಿದಾಗ ದೋಷವೂ ಜಾಗ ಬದಲಿಸಿದರೆ ಕೆಟ್ಟದ್ದು ಸೊಲೆನಾಯ್ಡೇ. ಗೇರ್‌ಬಾಕ್ಸ್ ಬಿಚ್ಚುವ ಮಾತೇ ಇಲ್ಲ. ಇನ್ನು ಕ್ಯಾಲಿಬ್ರೇಷನ್, ಅಂದರೆ ಪ್ಲೇಟು ಸವೆದಷ್ಟು ಪಿಸ್ಟನ್ನಿಗೆ ಬೇಕಾಗುವ ಹೆಚ್ಚಿನ ಆಯಿಲನ್ನು ಸೊಲೆನಾಯ್ಡುಗಳನ್ನು ನಡೆಸುವ ಕಂಟ್ರೋಲ್ ಯೂನಿಟ್ಟಿಗೆ ಹೊಸದಾಗಿ ಕಲಿಸುವುದು, ಇದನ್ನು ಆಯಿಲು ನಿಗದಿತ ಬಿಸಿಗೆ ಬಂದ ಮೇಲೆಯೇ ಮಾಡಬೇಕು; ಒತ್ತಡ ಕಡಿಮೆಯಿರುವ ಯಂತ್ರಕ್ಕೆ ಇದನ್ನು ಮಾಡಿ ಜರ್ಕನ್ನು ಮುಚ್ಚಿ ಕಳಿಸುವುದು ರೈತನಿಗೆ ಮಾಡುವ ಮೋಸ.

ಇಷ್ಟೆಲ್ಲ ನೋಡಿದ ಮೇಲೂ ದೋಷ ಒಳಗೇ ಇದೆಯೆಂದು ಖಚಿತವಾದರೆ ಬಿಚ್ಚಲೇಬೇಕು, ಅಳುಕಬೇಕಾಗಿಲ್ಲ. ಗಜೇಂದ್ರಗಡದ ಗುಡ್ಡದ ಇಳಿಜಾರಿನಲ್ಲಿ ತುಂಬಿದ ಟ್ರಾಲಿ ಎಳೆಯುವ ಯಂತ್ರದ ಕ್ಲಚ್ಚು ಜಾರುತ್ತಿದ್ದರೆ ಅದನ್ನು ಆ ದಿನವೇ ನಿಲ್ಲಿಸುವಂತೆ ಮಾಲೀಕನಿಗೆ ಹೇಳುವ ಧೈರ್ಯವೂ ಬೇಕು. ಮುಂದಿನ ಹಿಂಗಾರಿಗೆ ಮೊದಲು ಒಂದು ಒತ್ತಡಮಾಪಕ, ಒಂದು ಮಲ್ಟಿಮೀಟರ್, ಗ್ಯಾರೇಜಿಗೆ ಬರುವ ಯಂತ್ರಗಳ ಸರ್ವಿಸ್ ಕೈಪಿಡಿಗಳು, ಇಷ್ಟನ್ನು ಹೊಸ ಪಾನಾ ಸೆಟ್ಟಿಗಿಂತ ಮುಂಚೆ ಕೊಂಡಿಡಬೇಕೆಂದು ಈ ಪತ್ರದ ಕೋರಿಕೆ.